ಕುರ್ಚಿಯಿಂದ ಏಳುವುದಕ್ಕೇ ಭಯ

ಪ್ರಶ್ನೆ: ಅಕ್ಕಾ, ನನಗೆ 46 ವರ್ಷ. ತೀರ್ಥಹಳ್ಳಿ ಕಡೆಯವಳು. ಶಿವಮೊಗ್ಗದಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಹತ್ತರಿಂದ ಐದೂವರೆವರೆಗೆ ಕಂಪ್ಯೂಟರ್ ಮುಂದೆ. ಎರಡು ಹೆರಿಗೆ ಆಗಿದೆ, ಎರಡೂ ನಾರ್ಮಲ್. ಒಂದು ವರ್ಷದಿಂದ ಕೆಮ್ಮಿದರೆ, ಸೀನಿದರೆ ಉಚ್ಚೆ ಹನಿಯುತ್ತದೆ. ಈಚೆಗೆ ಇನ್ನೊಂದು ಶುರುವಾಗಿದೆ. ಬಂತು ಅನ್ನಿಸಿದರೆ ಎರಡು ನಿಮಿಷವೂ ತಡೆಯಲು ಆಗುವುದಿಲ್ಲ. ಲೇಡೀಸ್ ಟಾಯ್ಲೆಟ್ ಇರುವುದು ಕಟ್ಟಡದ ಹಿಂದೆ, ಬೀಗದ ಕೈ ಅಟೆಂಡರ್ ಹತ್ತಿರ. ಹೋದ ತಿಂಗಳು ಒಂದು ದಿನ ಕುರ್ಚಿ ಒದ್ದೆಯಾಗಿ, ಎಲ್ಲರೂ ಹೊರಡಲಿ ಅಂತ ಆರೂವರೆವರೆಗೆ ಕೂತೇ ಇದ್ದೆ. ಈಗ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮುಟ್ಟಿನ ಪ್ಯಾಡ್ ಹಾಕಿಕೊಳ್ಳುತ್ತೇನೆ, ತೊಡೆಸಂದಿ ಉರಿ. ಮನೆಯಲ್ಲಿ ಹೇಳಿಲ್ಲ. ಕೆಲಸ ಬಿಟ್ಟುಬಿಡಲೇ? — ಹೆಸರು ಬೇಡ

ಉತ್ತರ: ಕೆಲಸ ಬಿಡಬೇಡಿ. ಮೊದಲು ಎದ್ದು ಒಂದು ಲೋಟ ನೀರು ಕುಡಿಯಿರಿ, ಆಮೇಲೆ ಮುಂದೆ ಓದಿ.

ತಮಾಷೆ ಅಲ್ಲ. ಈ ತೊಂದರೆ ಇರುವವರೆಲ್ಲ ಮೊದಲು ಮಾಡುವ ತಪ್ಪೇ ಇದು. ಬಾಯಿ ಒಣಗಿಸಿಕೊಂಡು ಕೂತರೆ ಉಚ್ಚೆ ಗಟ್ಟಿಯಾಗಿ ಹಳದಿಯಾಗುತ್ತದೆ, ಅದು ಮೂತ್ರಚೀಲವನ್ನು ಕೆರಳಿಸುತ್ತದೆ, ಸ್ವಲ್ಪವೇ ತುಂಬಿದ್ದರೂ ‘ಈಗಲೇ ಬೇಕು’ ಅನ್ನಿಸುತ್ತದೆ. ವಾಸನೆಯೂ ಜಾಸ್ತಿ. ಸೋಂಕು ಆಗುವುದಕ್ಕೂ, ಮಲ ಗಟ್ಟಿಯಾಗುವುದಕ್ಕೂ ಅದೇ ದಾರಿ. ಮಲ ಗಟ್ಟಿಯಾಗಿ ಕೂತರೆ ಅದು ಪಕ್ಕದ ಮೂತ್ರಚೀಲವನ್ನು ಒತ್ತುತ್ತದೆ. ಅಂದರೆ ನೀವು ಯಾವುದನ್ನು ತಪ್ಪಿಸಲು ನೀರು ಬಿಟ್ಟಿರೋ ಅದನ್ನೇ ಕರೆದು ಕೂರಿಸಿಕೊಂಡ ಹಾಗೆ ಆಯ್ತು. ದಿನಕ್ಕೆ ಆರರಿಂದ ಎಂಟು ಲೋಟ ಬೇಕು. ಗಟಗಟ ಒಂದೇ ಸಲ ಅಲ್ಲ, ಗಂಟೆಗೊಮ್ಮೆ ಅರ್ಧರ್ಧ ಲೋಟ. ರಾತ್ರಿ ಮಲಗುವ ಮುಂಚೆ ಎರಡು ಗಂಟೆ ಕಡಿಮೆ ಮಾಡಿ. ಹೃದಯದ್ದೋ ಕಿಡ್ನಿಯದ್ದೋ ತೊಂದರೆ ಇದ್ದರೆ ಮಾತ್ರ ಡಾಕ್ಟರ್ ಹೇಳಿದ ಲೆಕ್ಕ.

ಕಡಿಮೆ ಮಾಡಬೇಕಾದ್ದು ಕಾಫಿ. ಮಲೆನಾಡಿನವರಿಗೆ ಇದನ್ನು ಹೇಳುವುದು ಕಷ್ಟ ಅಂತ ನನಗೆ ಗೊತ್ತು, ನಮ್ಮ ಮನೆಯಲ್ಲೇ ಮಳೆಗಾಲದಲ್ಲಿ ಕಾಫಿ ಪಾತ್ರೆ ಒಲೆ ಇಳಿಯುತ್ತಿರಲಿಲ್ಲ. ಕಾಫಿ, ಟೀ ಎರಡರಲ್ಲೂ ಇರುವ ಕೆಫೀನ್ ಉಚ್ಚೆಯನ್ನೂ ಜಾಸ್ತಿ ಮಾಡುತ್ತದೆ, ಅವಸರವನ್ನೂ ಜಾಸ್ತಿ ಮಾಡುತ್ತದೆ. ಒಮ್ಮೆಗೇ ಬಿಟ್ಟರೆ ತಲೆನೋವು ಬರುತ್ತದೆ. ವಾರಕ್ಕೊಂದು ಲೋಟದಂತೆ ಇಳಿಸಿ. ಹನ್ನೊಂದು ಗಂಟೆಯ ಆಫೀಸ್ ಕಾಫಿ ಬದಲು ಫ್ಲಾಸ್ಕಿನಲ್ಲಿ ಕೊತ್ತಂಬರಿ-ಜೀರಿಗೆ ಕಷಾಯ ಒಯ್ಯಿರಿ.

ನಿಮಗೆ ಇರುವುದು ಒಂದಲ್ಲ, ಎರಡು. ಕೆಮ್ಮಿದಾಗ ಹನಿಯುವುದು ಬೇರೆ, ಓಡಿಸುವುದು ಬೇರೆ. ಮೊದಲನೆಯದರಲ್ಲಿ ಮೂತ್ರಚೀಲವನ್ನು ಕೆಳಗಿನಿಂದ ತೊಟ್ಟಿಲಿನ ಹಾಗೆ ಹೊತ್ತಿರುವ ಸ್ನಾಯುಗಳು ಸಡಿಲ ಆಗಿರುತ್ತವೆ. ಹೆರಿಗೆ, ವಯಸ್ಸು, ತೂಕ, ಮುಟ್ಟು ನಿಲ್ಲುವ ಕಾಲ, ಇದರಲ್ಲಿ ಯಾವುದೂ ಕಾರಣ ಇರಬಹುದು. ಎರಡನೆಯದರಲ್ಲಿ ಚೀಲ ತುಂಬುವ ಮೊದಲೇ ತಾನಾಗಿ ಹಿಂಡಿಕೊಳ್ಳುತ್ತದೆ. ದೊಡ್ಡವರ ಚೀಲದಲ್ಲಿ ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಹಿಡಿಯುತ್ತದೆ. ‘ಎಲ್ಲಿಗಾದರೂ ಹೊರಡುವ ಮುಂಚೆ ಒಂದ್ಸಲ ಹೋಗಿಬಿಡೋಣ’ ಅಂತ ಮುಕ್ಕಾಲು ಗಂಟೆಗೊಮ್ಮೆ ಹೋದರೆ ಅದು ಅಷ್ಟಕ್ಕೇ ಒಗ್ಗಿಬಿಡುತ್ತದೆ.

ಎರಡಕ್ಕೂ ಕೂತಲ್ಲೇ ಮಾಡುವ ವ್ಯಾಯಾಮ ಇದೆ. 1948ರಲ್ಲಿ ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಡಾಕ್ಟರ್ ಇದರ ಬಗ್ಗೆ ಬರೆದರು, ಈಗಲೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ನಾಲ್ಕು ಜನರ ಮಧ್ಯೆ ಹೂಸು ಬಂದರೆ ಏನನ್ನು ಬಿಗಿಹಿಡಿಯುತ್ತೀರೋ ಅದೇ ಸ್ನಾಯು. (ನಗಬೇಡಿ, ನಕ್ಕರೆ ಹನಿಯುತ್ತದೆ.) ಒಳಗೆ ಮೇಲಕ್ಕೆ ಎಳೆದು, ಐದು ಎಣಿಸಿ, ಪೂರ್ತಿ ಸಡಿಲ ಬಿಡಿ. ಹೀಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ಕುಂಡೆ, ತೊಡೆ ಬಿಗಿಯಬಾರದು, ಉಸಿರು ಹಿಡಿಯಬಾರದು. ಲೆಡ್ಜರ್ ನೋಡುತ್ತಲೇ ಮಾಡಬಹುದು, ಎದುರಿಗೆ ಕೂತವರಿಗೂ ಗೊತ್ತಾಗುವುದಿಲ್ಲ. ಆದರೆ ಉಚ್ಚೆ ಹೊಯ್ಯುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಅದು ಒಳ್ಳೆಯದಲ್ಲ. ಕನಿಷ್ಠ ಮೂರು ತಿಂಗಳು ಬೇಕು. ಹದಿನೈದು ದಿನ ಮಾಡಿ ‘ಏನೂ ಆಗಲಿಲ್ಲ’ ಅಂತ ಬಿಟ್ಟವರನ್ನು ವಾರ್ಡಿನಲ್ಲಿ ನರ್ಸಾಗಿದ್ದಷ್ಟು ಕಾಲವೂ ನೋಡಿದ್ದೇನೆ. ನಾನೇ ಎರಡು ಸಲ ಹಾಗೆ ಬಿಟ್ಟೆ. ಎರಡನೇ ಮಗು ಆದ ಮೇಲೆ ನನಗೂ ಇದೇ ಪಾಡು, ರಾತ್ರಿ ಪಾಳಿಯಲ್ಲಿ ಸೀನು ಬಂದರೆ ಗೋಡೆಗೆ ಒರಗಿ ಕಾಲು ಅಡ್ಡ ಹಾಕಿ ನಿಲ್ಲುತ್ತಿದ್ದೆ. ಮೂರನೇ ಸಲ ಹಲ್ಲು ಕಚ್ಚಿ ಮಾಡಿದೆ.

ಕೆಮ್ಮು ಬರುತ್ತದೆ ಅನ್ನಿಸಿದ ತಕ್ಷಣ ಮೊದಲು ಬಿಗಿಹಿಡಿದು ಆಮೇಲೆ ಕೆಮ್ಮಿ. ಕುರ್ಚಿಯಿಂದ ಏಳುವಾಗಲೂ ಹಾಗೇ, ಬಿಗಿಹಿಡಿದು, ಉಸಿರು ಬಿಡುತ್ತಾ ಎದ್ದೇಳಿ. ಅವಸರ ಬಂದಾಗ ಓಡಬೇಡಿ. ಓಡಿದರೆ ಚೀಲ ಕುಲುಕಿ ಇನ್ನೂ ಕೆಡುತ್ತದೆ. ಕೂತಲ್ಲೇ ಕೂತು, ಐದಾರು ಸಲ ಪಟಪಟ ಬಿಗಿದು ಬಿಟ್ಟು, ಯಾವುದೋ ಲೆಕ್ಕದಲ್ಲಿ ತಲೆ ಹಾಕಿ. ಆ ಅಲೆ ಇಳಿಯುತ್ತದೆ. ಇಳಿದ ಮೇಲೆ ನಿಧಾನಕ್ಕೆ ನಡೆದು ಹೋಗಿ. ಈಗ ಒಂದು ಗಂಟೆಗೊಮ್ಮೆ ಹೋಗುತ್ತಿದ್ದರೆ ಮುಂದಿನ ವಾರ ಒಂದೂಕಾಲು ಗಂಟೆ, ಆಮೇಲೆ ಒಂದೂವರೆ, ಹೀಗೆ ಎಳೆಯುತ್ತಾ ಹೋಗಿ. ಆರು ವಾರವಾದರೂ ಹಿಡಿಯುತ್ತದೆ. ಆಷಾಢದಲ್ಲಿ ಸೂರಿನಿಂದ ನೀರು ಸುರಿಯುವ ಸದ್ದು ಕೇಳಿದರೇ ಹೊಟ್ಟೆ ಕೆಳಗೆ ಜುಂ ಅನ್ನುತ್ತದೆ ಅಲ್ವಾ, ಚಳಿಗೂ ಉಚ್ಚೆ ಜಾಸ್ತಿ. ಆ ತಿಂಗಳುಗಳಲ್ಲಿ ಸ್ವಲ್ಪ ಹಿಂದೆ ಬಿದ್ದರೆ ಬೇಜಾರಾಗಬೇಡಿ.

ಇನ್ನು ಪ್ಯಾಡ್. ಮುಟ್ಟಿನ ಪ್ಯಾಡ್ ಇದಕ್ಕಲ್ಲ. ರಕ್ತ ನಿಧಾನಕ್ಕೆ ಬರುತ್ತದೆ, ಉಚ್ಚೆ ಒಮ್ಮೆಗೇ ಬರುತ್ತದೆ. ಆ ಪ್ಯಾಡ್ ಅಷ್ಟು ಬೇಗ ಹೀರದೆ ಮೇಲೆಯೇ ನಿಂತು ಚರ್ಮ ನೆನೆಯುತ್ತದೆ, ನಿಮ್ಮ ಉರಿ ಅದೇ. ಮೂತ್ರ ಸೋರುವವರಿಗೆ ಅಂತಲೇ ತೆಳು ಪ್ಯಾಡ್ ಸಿಗುತ್ತದೆ, ಒಳಗಿನ ಪುಡಿ ನೀರನ್ನು ಹೀರಿ ಜೆಲ್ ಮಾಡಿಬಿಡುತ್ತದೆ. ಹನಿಯುವುದಕ್ಕೆ ಇಷ್ಟು ಸಾಕು. ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೊರಟ ದಿನ ಬೇಕಾದರೆ ಚಡ್ಡಿಯ ಹಾಗೆ ಹಾಕಿಕೊಳ್ಳುವ ದೊಡ್ಡವರ ಡಯಾಪರ್ ಹಾಕಿ. ಮೆಡಿಕಲ್ ಶಾಪಿನಲ್ಲಿ ಕೇಳಲು ನಾಚಿಕೆ ಆದರೆ ‘ನಮ್ಮತ್ತೆಗೆ’ ಅನ್ನಿ, ಎಲ್ಲರೂ ಹಾಗೇ ಹೇಳುವುದು. ಪ್ಯಾಕೆಟ್ಟಿನ ಮೇಲೆ ಎಷ್ಟು ಗಂಟೆ ಅಂತ ಬರೆದಿದ್ದರೂ ಒದ್ದೆಯಾದ ಮೇಲೆ ಬದಲಿಸಿ. ಉಚ್ಚೆ ಹೊಸದಾಗಿದ್ದಾಗ ಅಷ್ಟು ನಾರುವುದಿಲ್ಲ. ಹೊತ್ತು ಕಳೆದ ಹಾಗೆ ಬ್ಯಾಕ್ಟೀರಿಯಾ ಅದರಲ್ಲಿರುವ ಯೂರಿಯಾವನ್ನು ಅಮೋನಿಯಾ ಮಾಡುವುದರಿಂದ ಘಾಟು ಬರುತ್ತದೆ. ಸೆಂಟು, ಪೌಡರ್ ಹಾಕಿ ಮುಚ್ಚಲು ಹೋಗಬೇಡಿ. ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೆಳ್ಳಗೆ ಜಿಂಕ್ ಕ್ರೀಮೋ ವ್ಯಾಸಲೀನೋ ಹಚ್ಚಿ. ದಪ್ಪ ಹಚ್ಚಿದರೆ ಪ್ಯಾಡ್ ಹೀರುವುದಿಲ್ಲ. ವಾರದಲ್ಲಿ ಉರಿ ಇಳಿಯದಿದ್ದರೆ ಶಿಲೀಂಧ್ರ ಆಗಿರಬಹುದು, ತೋರಿಸಿ.

ಉಟ್ಟ ಬಟ್ಟೆಯ ಬಗ್ಗೆ ಯಾರೂ ಹೇಳುವುದಿಲ್ಲ. ಅರ್ಧ ಅನಾಹುತ ಆಗುವುದು ಟಾಯ್ಲೆಟ್ ಬಾಗಿಲಲ್ಲಿ, ಚೂಡಿದಾರದ ಲಾಡಿ ಕಗ್ಗಂಟಾಗಿ. ಬೀಗ ತೆಗೆದಾಗಿರುತ್ತದೆ, ಚೀಲಕ್ಕೆ ಜಾಗ ಬಂತು ಅಂತ ಗೊತ್ತಾಗಿರುತ್ತದೆ, ಒದ್ದೆ ಬೆರಳಿಗೆ ಗಂಟು ಬಿಚ್ಚುವುದಿಲ್ಲ. ಎಲಾಸ್ಟಿಕ್ ಪ್ಯಾಂಟು ಹೊಲಿಸಿ. ಗಾಢ ಬಣ್ಣದ್ದು, ಹತ್ತಿಯದ್ದು. ರೆಕ್ಸಿನ್ ಕುರ್ಚಿ ಬೆವರಿಸುತ್ತದೆ. ಮಕ್ಕಳಿಗೆ ಹಾಸುವ ರಬ್ಬರ್ ಶೀಟನ್ನು ಕುರ್ಚಿಯ ಅಳತೆಗೆ ಕತ್ತರಿಸಿ, ಹಳೇ ಕಾಟನ್ ಸೀರೆಯ ಗವಸು ಹೊಲಿದರೆ ದಿಂಬಿನ ಹಾಗೆ ಕಾಣುತ್ತದೆ, ಸೊಂಟ ನೋವಿಗೆ ಅಂತ ಹೇಳಿದರೆ ಆಯ್ತು. ಡ್ರಾಯರಿನಲ್ಲಿ ಒಂದು ಚೀಲ: ಎರಡು ಪ್ಯಾಡು, ಒಳ ಉಡುಪು, ಒಂದು ಪ್ಯಾಂಟು, ಚಿಕ್ಕ ಟವೆಲ್, ಒದ್ದೆ ಬಟ್ಟೆಗೆ ಗಟ್ಟಿ ಪ್ಲಾಸ್ಟಿಕ್ ಕವರು, ಬಳಸಿದ್ದನ್ನು ಸುತ್ತಲು ಹಳೇ ಪೇಪರು. ಕಮೋಡಿಗೆ ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಏನೂ ಒಣಗುವುದಿಲ್ಲವಲ್ಲ, ಒಳ ಉಡುಪು ಎರಡು ಜೊತೆ ಜಾಸ್ತಿಯೇ ಇಟ್ಟುಕೊಂಡು ಬಚ್ಚಲೊಲೆಯ ಮೇಲಿನ ದಾರದಲ್ಲಿ ಹಾಕಿ. ಹಸಿ ಹಾಕಿಕೊಂಡು ಹೊರಟರೆ ಕ್ರೀಮು ಹಚ್ಚಿದ್ದೂ ದಂಡ.

ಇಷ್ಟರ ಜೊತೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಮೂರು ದಿನ ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಯಾವಾಗ ಸೋರಿತು, ಬರೆದುಕೊಂಡು ಹೋಗಿ. ಉಚ್ಚೆ ಪರೀಕ್ಷೆ, ಶುಗರ್ ಎರಡೂ ಆಗಲಿ. ಗರ್ಭಕೋಶ ಜಾರಿದೆಯಾ ಅಂತಲೂ ನೋಡುತ್ತಾರೆ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗ ಇದೆ, ದುಡ್ಡಿನ ಚಿಂತೆ ಇದ್ದರೆ ಅಲ್ಲೇ ಹೋಗಿ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಉಚ್ಚೆ ಜಾಸ್ತಿ ಮಾಡುತ್ತವೆ. ನೀವಾಗಿ ಬಿಡಬೇಡಿ, ಹೊತ್ತು ಬದಲಿಸಬಹುದಾ ಅಂತ ಕೇಳಿ. ಉಚ್ಚೆಯಲ್ಲಿ ರಕ್ತ ಕಂಡರೆ, ಉರಿಯ ಜೊತೆ ಜ್ವರ ಬಂದರೆ, ಕಾಲಿನ ಶಕ್ತಿ ಹೋಗಿ ತೊಡೆಸಂದಿ ಜೋಮು ಹಿಡಿದರೆ ಅವತ್ತೇ ಹೊರಡಿ.

ಪ್ರಶ್ನೆ: 57 ವರ್ಷ. ಪ್ರಾಸ್ಟೇಟ್ ಆಪರೇಷನ್ ಆಗಿ ಎರಡು ತಿಂಗಳು. ಕೌಂಟರಿನಲ್ಲಿ ಕೂರುವ ಕೆಲಸ, ಎದ್ದಾಗೆಲ್ಲ ಹನಿಯುತ್ತದೆ. ನಿವೃತ್ತಿಗೆ ಮೂರು ವರ್ಷ ಇದೆ. — ಸಾಗರ

ಉತ್ತರ: ಎರಡು ತಿಂಗಳು ಏನೇನೂ ಅಲ್ಲ ಅಣ್ಣಾ. ಆಪರೇಷನ್ ಆದವರಲ್ಲಿ ಬಹಳ ಜನಕ್ಕೆ ತಿಂಗಳು ಕಳೆದ ಹಾಗೆ ಕಡಿಮೆ ಆಗುತ್ತದೆ, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಮೇಲೆ ಹೇಳಿದ ವ್ಯಾಯಾಮ ಗಂಡಸರಿಗೂ ಅದೇ, ಯಾವಾಗ ಶುರು ಮಾಡಬೇಕು ಅಂತ ನಿಮ್ಮ ಸರ್ಜನ್ ಹತ್ತಿರ ಒಂದು ಮಾತು ಕೇಳಿ. ಗಂಡಸರ ಪ್ಯಾಡ್ ಬೇರೆ ಆಕಾರದ್ದು, ಮುಂದುಗಡೆ ಕೂರುತ್ತದೆ. ಸಡಿಲ ಪಟ್ಟಾಪಟ್ಟಿ ಚಡ್ಡಿಯಲ್ಲಿ ಅದು ನಿಲ್ಲುವುದಿಲ್ಲ, ಮೈಗಂಟುವ ಚಡ್ಡಿ ಬೇಕು. ಹೊಯ್ದಾದ ಮೇಲೂ ಎರಡು ಹನಿ ಉಳಿಯುತ್ತಿದ್ದರೆ, ಬೀಜದ ಹಿಂಭಾಗದಿಂದ ಮುಂದಕ್ಕೆ ಬೆರಳಿನಿಂದ ಮೆಲ್ಲಗೆ ಒತ್ತಿ ತಂದರೆ ಅದು ಹೊರಬರುತ್ತದೆ.

ಪ್ರಶ್ನೆ: ಪಕ್ಕದ ಟೇಬಲ್ಲಿನ ಮೇಡಂಗೆ ಈ ತೊಂದರೆ ಇದೆ ಅನ್ನಿಸುತ್ತದೆ. ವಾಸನೆ ಬರುತ್ತದೆ. ಹೇಗೆ ಹೇಳುವುದು? — ಶಿವಮೊಗ್ಗ

ಉತ್ತರ: ವಾಸನೆ ಅಂತ ಹೇಳಬೇಡಿ. ಅವರಿಗೆ ಗೊತ್ತಿರುತ್ತದೆ. ನಿಮ್ಮ ಜಾಗ ಬಾಗಿಲ ಹತ್ತಿರ ಇದ್ದರೆ ‘ಮೇಡಂ, ಈ ಕಿಟಕಿ ಗಾಳಿ ನಂಗೆ ಬೇಕಿತ್ತು’ ಅಂತ ಜಾಗ ಬದಲಿಸಿಕೊಳ್ಳಿ. ನಿಮ್ಮ ಆಫೀಸಿನಲ್ಲೂ ಟಾಯ್ಲೆಟ್ ಬೀಗದ ಕೈ ಯಾರದೋ ಜೇಬಿನಲ್ಲಿದ್ದರೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅದನ್ನು ಇಸ್ಕೊಂಡು ಗಾಂಧಿ ಬಜಾರಿನ ಕಡೆ ಹೋಗಿ ಎರಡು ಡೂಪ್ಲಿಕೇಟ್ ಮಾಡಿಸಿ. ಒಂದು ನಿಮಗೆ. ಇನ್ನೊಂದನ್ನು ಅವರ ಡ್ರಾಯರಿನಲ್ಲಿ ಹಾಕಿ, ‘ಎಲ್ಲರಿಗೂ ಮಾಡಿಸ್ದೆ ಮೇಡಂ’ ಅನ್ನಿ.