ಪತ್ತೇದಾರಿ ಜಾಸ್ತಿಯೋ, ಮನೆ ಜಗಳವೋ?

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್ಲಿನಲ್ಲಿ ನಡೆಯುವ ಕೊಲೆಯ ಕಾದಂಬರಿ ಬರೆಯುತ್ತಿದ್ದೇನೆ. ಇನ್‌ಸ್ಪೆಕ್ಟರ್ ಮನೆ ಜಗಳವೇ ಜಾಸ್ತಿಯಾಗಿ ತನಿಖೆ ನಿಂತುಹೋಗಿದೆ. ಏನು ಮಾಡಲಿ?
– ಓದುಗರು, ಕೊಪ್ಪಳ

ಉತ್ತರ: ಜಗಳ ತೆಗೆಯಬೇಡಿ, ಅದರೊಳಗೇ ಸುಳಿವು ಇಡಿ. ಮಿಲ್ ವಾರದಿಂದ ಬಂದ್ ಅಂತ ಮಾಲೀಕ ಹೇಳಿಕೆ ಕೊಟ್ಟಿದ್ದಾನೆ ಅನ್ನಿ. ರಾತ್ರಿ ಇನ್‌ಸ್ಪೆಕ್ಟರ್ ಹೆಂಡತಿ ತಣ್ಣಗಾದ ಜೋಳದ ರೊಟ್ಟಿ ಮುಂದಿಟ್ಟು, "ಬಂದಾದ ಮಿಲ್ಲಿಗೆ ಹೋಗಿಬಂದ್ರ ಅಂಗಿಗೆ ಹೊಸ ತೌಡು ಹೆಂಗ ಹತ್ತತೈತ್ರಿ?" ಅಂತ ರೇಗಿದರೆ ಸಾಕು, ಜಗಳವೂ ಆಯ್ತು, ತನಿಖೆಯೂ ಮುಂದೆ ಹೋಯ್ತು, ಅಲ್ವಾ? ಇನ್ನೊಂದು, ಕೊಲೆ ಆರೋಪಿ ಬಂಧನದಲ್ಲಿದ್ದಾಗ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಅವನಿಗೆ ಜಾಮೀನಿನ ಹಕ್ಕು ಬರುತ್ತದೆ. ಇನ್‌ಸ್ಪೆಕ್ಟರ್ ಮಗಳ ಮದುವೆಯನ್ನು 88ನೇ ದಿನಕ್ಕೆ ಇಡಿ. ಅತ್ತೆ-ಸೊಸೆಯನ್ನು ಮಾತ್ರ ಸುಮ್ನೆ ತರಬೇಡಿ, ಅದು ಟಿವಿಯಲ್ಲೇ ಬೇಕಾದಷ್ಟಿದೆ.