ಟೋಲ್ಕಿನ್ ತೀರಿಕೊಂಡ ಮೇಲೆ ಬಂದ ಪುಸ್ತಕಗಳನ್ನು ಓದಿ ಎಲ್ವಿಶ್ ಮಾತಾಡಲು ಕಲಿಯಬಹುದಾ?

ಎಲ್ವಿಶ್ ಎಂದರೆ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ತಮ್ಮ ಕಥೆಗಳ ಎಲ್ಫ್ ಎಂಬ ಕಾಲ್ಪನಿಕ ಜನಕ್ಕಾಗಿ ಕಟ್ಟಿದ ಭಾಷೆಗಳು, ಮುಖ್ಯವಾದವು ಕ್ವೆನ್ಯಾ ಮತ್ತು ಸಿಂಡರಿನ್. ಓದಲು ಕಲಿಯಬಹುದು, ನಾಲ್ಕು ಸಾಲು ಪದ್ಯವನ್ನೂ ಕಟ್ಟಬಹುದು. ಸರಾಗವಾಗಿ ಮಾತಾಡುವುದು ಮಾತ್ರ ಕಷ್ಟ. ಈ ಪುಸ್ತಕಗಳಲ್ಲಿ ಪೂರ್ತಿ ವ್ಯಾಕರಣ ಇರಬೇಕಲ್ವಾ ಎಂದು ಕೇಳಿದ್ದೀರಿ. ವ್ಯಾಕರಣ ಇದೆ, ಆದರೆ ಒಂದಲ್ಲ, ಹಲವು. ಒಂದಕ್ಕೊಂದು ತಾಳೆಯಾಗುವುದಿಲ್ಲ.

ಫಿನ್ನಿಶ್ ಭಾಷೆಗೆ ಮನಸೋತು ಹುಟ್ಟಿಸಿದ ಕ್ವೆನ್ಯಾಕ್ಕೆ ಟೋಲ್ಕಿನ್ 1915ರ ಸುಮಾರಿಗೇ ಪದಪಟ್ಟಿ ಶುರು ಮಾಡಿದ್ದರು. 1973ರಲ್ಲಿ ತೀರಿಕೊಳ್ಳುವ ತನಕ ತಿದ್ದುತ್ತಲೇ ಇದ್ದರು. ವೆಲ್ಶ್ ಛಾಯೆಯ ಸಿಂಡರಿನ್ ಕಥೆ ಇನ್ನೂ ಮಜಾ. 1930ರ ದಶಕದ ಕರಡುಗಳಲ್ಲಿ ಅದರ ಹೆಸರು ನೋಲ್ಡೋರಿನ್, ಆಡುವ ಎಲ್ಫ್ ಕುಲವೇ ಬೇರೆ!

ಅವರನ್ನು ಕಟ್ಟಿಹಾಕುತ್ತಿದ್ದದ್ದು ಒಂದೇ: ಆಗಲೇ ಅಚ್ಚಾಗಿ ಹೋದ ಪುಟ. ಕೊನೆಗಾಲದಲ್ಲಿ ಎಲ್‌ರೋಸ್ ಎಂಬ ಪಾತ್ರದ ಹೆಸರಿನ 'ರೋಸ್' ಎಲ್ಲಿಂದ ಬಂತು ಎಂದು ಉದ್ದದ ಲೇಖನ ಬರೆದರು. ಅದು ಎಲ್ಫ್‌ಗಳ ಮಾತಲ್ಲ, ಮನುಷ್ಯರ ಒಂದು ಭಾಷೆಯಿಂದ ಬಂದದ್ದು, ಅರ್ಥ ನೊರೆ ಎಂದು ಚೆಂದವಾಗಿ ವಾದ ಕಟ್ಟಿದರು. ಆಮೇಲೆ ನೆನಪಾಯಿತು, 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಕೇರ್ ಆಂಡ್ರೋಸ್ ಎಂಬ ದ್ವೀಪವಿದೆ, ಅಲ್ಲಿ ನೊರೆ ಎಂಬ ಅರ್ಥದ ಅದೇ ಪದ ಸಿಂಡರಿನ್ ಎಂದು ಅಚ್ಚಾಗಿಬಿಟ್ಟಿದೆ. ಇದರಲ್ಲಿ ಬಹುಪಾಲು ನಿಲ್ಲುವುದಿಲ್ಲ ಎಂದು ತಾವೇ ಗುರುತು ಹಾಕಿಟ್ಟರು. ಮಗ ಕ್ರಿಸ್ಟೋಫರ್ ಆ ಲೇಖನವನ್ನೂ ಗುರುತನ್ನೂ ಹಾಗೇ 1996ರಲ್ಲಿ ಪ್ರಕಟಿಸಿದರು. 12 ಸಂಪುಟಗಳ 'ಹಿಸ್ಟರಿ ಆಫ್ ಮಿಡ್ಲ್-ಅರ್ತ್' ಮಾಲೆಯ ಕೊನೆಯದರಲ್ಲಿದೆ. ನನಗಂತೂ ಕಥೆಗಿಂತ ಇಂಥ ಪುಟಗಳೇ ಜಾಸ್ತಿ ಇಷ್ಟ.

ಹಾಗಾಗಿ ನನ್ನ ಸಲಹೆ: ಅವರು ಬದುಕಿದ್ದಾಗ ಅಚ್ಚಾದದ್ದರಿಂದ ಶುರು ಮಾಡಿ. 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಎಲ್ಫ್ ಒಡತಿ ಗಲಾಡ್ರಿಯೆಲ್ ಹಾಡುವ 'ನಮಾರಿಯೆ' ಕ್ವೆನ್ಯಾದಲ್ಲಿದೆ, ಅದಕ್ಕೆ ಟೋಲ್ಕಿನ್ ಅವರೇ ಬರೆದ ಪದಶಃ ವಿವರಣೆ 1967ರ 'ದಿ ರೋಡ್ ಗೋಸ್ ಎವರ್ ಆನ್' ಪುಸ್ತಕದಲ್ಲಿ ಸಿಗುತ್ತದೆ. ಆಮೇಲೆ 1977ರ 'ಸಿಲ್ಮರಿಲಿಯನ್' ಕೊನೆಯಲ್ಲಿರುವ ಹೆಸರುಗಳ ಬೇರುಪಟ್ಟಿ. ಧಾತುಕೋಶ ಬೇಕೆನಿಸಿದರೆ 1987ರಲ್ಲಿ ಬಂದ 'ದಿ ಲಾಸ್ಟ್ ರೋಡ್'. 12 ಸಂಪುಟಗಳನ್ನು ಒಟ್ಟಿಗೆ ಕೊಂಡು ಸುಮ್ನೆ ದುಡ್ಡು ಹಾಕಬೇಡಿ.

ಅಂತರ್ಜಾಲದ ಪದಪಟ್ಟಿಗಳನ್ನು ನೋಡುವಾಗ ಸ್ವಲ್ಪ ಹುಷಾರು. ಎಷ್ಟೋ ಪಟ್ಟಿಗಳಲ್ಲಿ 1917ರ ಪದ, 1960ರ ಪದ, ಅಭಿಮಾನಿಗಳು ಸೇರಿಸಿದ ಪದ ಎಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತವೆ. 'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾಗಳ ಎಲ್ವಿಶ್ ಸಂಭಾಷಣೆಯೂ ಅಷ್ಟೇ, ಖಾಲಿ ಇದ್ದ ಜಾಗಗಳನ್ನು ಭಾಷಾತಜ್ಞ ಡೇವಿಡ್ ಸಾಲೋ ತುಂಬಿದ್ದಾರೆ. ಕೈಮೇಲೆ ಹಚ್ಚೆ ಹಾಕಿಸಿಕೊಳ್ಳುವ ಯೋಚನೆ ಇದ್ದರೆ, ಆ ಪದ ಯಾವ ಕಾಲದ ಕರಡಿನದು ಎಂದು ಮೊದಲು ನೋಡಿಕೊಳ್ಳಿ.