ನಮ್ಮ ಕಾಲು ನಾವೇ ಎಳೆದುಕೊಂಡರೆ

ಪ್ರಶ್ನೆ: ನಾನು ಸ್ವಲ್ಪ ದಪ್ಪ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾರಾದರೂ ಏನಾದರೂ ಅನ್ನುವ ಮೊದಲೇ ‘ನಾನು ಲಿಫ್ಟ್ ಹತ್ತಿದ್ರೆ ನಿಮಗೆಲ್ಲ ಮೆಟ್ಟಿಲೇ ಗತಿ’ ಅಂತ ನಾನೇ ಹೇಳಿ ನಗಿಸುತ್ತಿದ್ದೆ. ಈಗ ಮೊನ್ನೆ ಸೇರಿದ ಹುಡುಗರೂ ‘ಅಣ್ಣ ಬಂದ್ರು, ಎಲ್ಲ ಇಳೀರಪ್ಪಾ’ ಅನ್ನುತ್ತಾರೆ. ಬೇಜಾರಾಗಿ ಕೇಳಿದರೆ ‘ನೀವೇ ತಾನೆ ಶುರು ಮಾಡಿದ್ದು?’ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಶುರು ಮಾಡಿದ್ದು ನೀವೇ, ಸರಿ. ಹಾಗಂತ ಊರಿಗೆಲ್ಲ ಬರೆದುಕೊಟ್ಟಿಲ್ಲವಲ್ಲ. ತಾಯಿ ತನ್ನ ಮಗನನ್ನು ‘ಶುದ್ಧ ಪೆದ್ದ’ ಅಂದಳು ಅಂತ ಪಕ್ಕದ ಮನೆಯವರು ಬಂದು ‘ಹೌದು ಹೌದು’ ಅಂದರೆ ಏನಾಗುತ್ತೆ, ಗೊತ್ತಲ್ವಾ?

ಆದರೆ ಒಂದು ಮಾತು. ನೀವು ಆಗ ನಗಿಸಿದ್ದು ಖುಷಿಗಲ್ಲ, ಹೆದರಿ. ಬೇರೆಯವರು ಹೊಡೆಯುವ ಮೊದಲು ನಾನೇ ಹೊಡೆದುಕೊಂಡರೆ ನೋವು ಕಮ್ಮಿ ಅನ್ನುವ ಲೆಕ್ಕ ಅದು, ಮತ್ತು ಆ ಲೆಕ್ಕ ತಪ್ಪುವುದೇ ಜಾಸ್ತಿ, ಯಾಕಂದ್ರೆ ಎದುರಿನವರಿಗೆ ನಗು ಕಾಣುತ್ತೆ, ಹೆದರಿಕೆ ಕಾಣುವುದಿಲ್ಲ. ಬೀಚಿಯವರು ತಮ್ಮ ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಅಂತ ಹೆಸರಿಟ್ಟು ಆ ಭಯವನ್ನೇ ಮುಂದೆ ತಂದು ನಿಲ್ಲಿಸಿಬಿಟ್ಟರು. 1943ರಲ್ಲಿ ಡಿ.ವಿ.ಜಿ. ಕಗ್ಗ ಪ್ರಕಟಿಸಿದಾಗ ಪದ್ಯದ ಕೊನೆಗೆ ‘ಮಂಕುತಿಮ್ಮ’ ಅಂತ ಕರೆದರಲ್ಲ, ಆ ಮಂಕನ ಸಾಲಿನಲ್ಲಿ ತಾವೂ ನಿಂತಿದ್ದರಿಂದಲೇ ಅಷ್ಟೊಂದು ಬುದ್ಧಿಮಾತು ಉಪದೇಶದ ಹಾಗೆ ಕೇಳಿಸುವುದಿಲ್ಲ ಅಂತ ನನ್ನ ಅನಿಸಿಕೆ. ಎಲ್ಲಿ ನಗಬೇಕು, ಎಲ್ಲಿ ಸಾಕು ಅನ್ನುವುದು ಇಬ್ಬರ ಕೈಯಲ್ಲೇ ಇತ್ತು. ನಿಮ್ಮದು ಕೈ ಜಾರಿದೆ.

ವಾಪಸ್ ತಗೊಳ್ಳಿ. ಮೊದಲು ನೀವು ಆ ಜೋಕ್ ನಿಲ್ಲಿಸಿ. ಅವರು ಅಂದಾಗ ಸುಮ್ನೆ ಹಲ್ಲು ಕಿರಿಯಬೇಡಿ, ‘ಏನಂದ್ರಿ, ಕೇಳಿಸಲಿಲ್ಲ’ ಅನ್ನಿ. ಎರಡನೇ ಸಲ ಹೇಳಬೇಕಾದರೆ ಯಾವ ಜೋಕೂ ಉಸಿರು ಹಿಡಿಯಲ್ಲ. ಅವರಲ್ಲಿ ಸ್ವಲ್ಪ ತಿಳಿವಳಿಕೆ ಇರುವ ಒಬ್ಬನನ್ನು ಟೀಗೆ ಕರೆದುಕೊಂಡು ಹೋಗಿ, ‘ಶುರು ಮಾಡಿದ್ದು ನಾನೇ, ಈಗ ನಿಲ್ಲಿಸ್ತಿರೋದೂ ನಾನೇ ಕಣಪ್ಪ’ ಅಂತ ಹೇಳಿ. ನಗಿಸುವ ಚಟ ಬಿಡಬೇಡಿ. ಗಾಡಿಯಲ್ಲೇ ಕೀ ಬಿಟ್ಟು ಜೇಬೆಲ್ಲ ತಡಕಾಡಿದ್ದು, ಬಾಸ್‌ಗೆ ಹೋಗಬೇಕಾದ ಮೆಸೇಜ್ ಹೆಂಡತಿಗೆ ಹೋಗಿದ್ದು, ಇಂಥವು ಯಾರು ಎಷ್ಟು ಸಲ ಹೇಳಿದರೂ ಚುಚ್ಚುವುದಿಲ್ಲ.

ಪ್ರಶ್ನೆ: ಹೀಗೆ ತನ್ನನ್ನೇ ಆಡಿಕೊಳ್ಳುವುದಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ?
– ಕಾಲೇಜು ವಿದ್ಯಾರ್ಥಿನಿ, ಶಿರಸಿ

ಉತ್ತರ: ಪರೀಕ್ಷೆಯಲ್ಲಿ ‘ಆತ್ಮವಿಡಂಬನೆ’ ಅಂತ ಬರೆಯಿರಿ, ಮಾರ್ಕ್ಸ್ ಬರುತ್ತೆ. ಬಸ್ ಸ್ಟ್ಯಾಂಡಲ್ಲಿ ಹಾಗಂದರೆ ಯಾರೂ ತಿರುಗಿ ನೋಡಲ್ಲ. ಅಲ್ಲಿ ‘ತನ್ನ ಕಾಲು ತಾನೇ ಎಳ್ಕೋತಾನೆ’ ಅಂತಾರೆ. ನಿಮ್ಮ ವಯಸ್ಸಿನವರು ‘ನನ್ನನ್ನ ನಾನೇ ಟ್ರೋಲ್ ಮಾಡ್ಕೊಂಡೆ’ ಅಂತಾರೆ. ಗೇಲಿ, ತಮಾಷೆ ತನ್ನ ಮೇಲೆ ಮಾಡಿಕೊಳ್ಳಬಹುದು. ಕೊಂಕು ಮಾತ್ರ ಯಾವಾಗಲೂ ಇನ್ನೊಬ್ಬರಿಗೇ ಮೀಸಲು, ತನಗೆ ತಾನೇ ಕೊಂಕು ನುಡಿದುಕೊಂಡವರನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ನಮ್ಮ ಅತ್ತಿಗೆ ಪ್ರತಿ ಸಲ ಬಡಿಸುವಾಗ ‘ನನ್ನ ಅಡುಗೆ ನಾಯಿನೂ ಮೂಸಲ್ಲ’ ಅಂತಾರೆ. ಅಡುಗೆ ಬಹಳ ಚೆನ್ನಾಗಿರುತ್ತೆ. ಏನು ಹೇಳಬೇಕೋ ಗೊತ್ತಾಗಲ್ಲ.
– ಒಬ್ಬ ಮೈದುನ, ತುಮಕೂರು

ಉತ್ತರ: ಅದು ಗೇಲಿ ಅಲ್ಲಪ್ಪ, ಹೊಗಳಿಕೆಗೆ ಹಾಕಿದ ಗಾಳ. ಮಾತಾಡದೆ ತಟ್ಟೆ ಇನ್ನೊಂದು ಸಲ ಮುಂದೆ ಹಿಡಿಯಿರಿ. ತಪ್ಪಿಯೂ ‘ಹೌದು ಅತ್ತಿಗೆ, ಉಪ್ಪು ಸ್ವಲ್ಪ ಜಾಸ್ತಿ’ ಅನ್ನಬೇಡಿ, ರಾತ್ರಿ ಊಟಕ್ಕೂ ಅದೇ ಮನೆಗೆ ಹೋಗಬೇಕಲ್ವಾ?